ಡೆಂಗಿ ವೈರಸ್ಸಿನ ಕಳ್ಳ ಮೊಹರು
(ವೈದ್ಯಕೀಯ ನೆರವು ನಿಧಿ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬಹುಕಾಲ ಜೀವರಸಾಯನಶಾಸ್ತ್ರ ಪಾಠ ಹೇಳಿದವನು. ನಮ್ಮ ನಿಧಿಗೆ ಅರ್ಜಿ ತರುವವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸಾರ್, ಇಷ್ಟೆಲ್ಲ ವಿಜ್ಞಾನ ಬೆಳೆದಿದೆ, ಡೆಂಗಿಗೆ ಒಂದು ಮಾತ್ರೆ ಯಾಕಿಲ್ಲ?" ಇವತ್ತು ಅದಕ್ಕೆ ಉತ್ತರ ಹೇಳುತ್ತೇನೆ.

ಡೆಂಗಿ ವೈರಸ್ಸಿನ ಒಡಲಲ್ಲಿರುವುದು ಸುಮಾರು 11,000 ಅಕ್ಷರಗಳ ಒಂದೇ ಒಂದು ಆರ್‌ಎನ್‌ಎ ಎಳೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ ಇದರ ದಾಯಾದಿಯೇ. ಅದು ಉಣುಗಿನಿಂದ ಹರಡುತ್ತದೆ, ಇದು ಸೊಳ್ಳೆಯಿಂದ.

ನಮ್ಮ ಜೀವಕೋಶ ತನ್ನ ಆರ್‌ಎನ್‌ಎಯ ತುದಿಗೆ ಟೋಪಿಯಂಥ ರಚನೆಯೊಂದನ್ನು ತೊಡಿಸಿ, ಅದರ ಮೇಲೆ ಮೆಥಿಲ್ ಎಂಬ ಪುಟ್ಟ ಗುರುತು ಹಾಕುತ್ತದೆ. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ. ಕಚೇರಿಯ ಮೊಹರು ಇದ್ದ ಹಾಗೆ. ಮೊಹರಿಲ್ಲದ ಆರ್‌ಎನ್‌ಎ ಕಂಡರೆ ಕೋಶದ ಕಾವಲು ಪ್ರೋಟೀನುಗಳು ಹಿಡಿದು ನಿಲ್ಲಿಸುತ್ತವೆ. ಡೆಂಗಿ ವೈರಸ್ ಕಳ್ಳ ಮೊಹರನ್ನೇ ಕಟ್ಟಿಕೊಂಡು ಬರುತ್ತದೆ. ಎನ್‌ಎಸ್5 ಎಂಬ ಅದರ ಪ್ರೋಟೀನು ತನ್ನ ಆರ್‌ಎನ್‌ಎಯನ್ನು ನಕಲು ಮಾಡುತ್ತದೆ, ಅದಕ್ಕೆ ಮೊಹರನ್ನೂ ಒತ್ತುತ್ತದೆ. ಇದೇ ಕುಲದ ವೆಸ್ಟ್ ನೈಲ್ ವೈರಸ್ಸಿನಿಂದ ಈ ಮೊಹರನ್ನು ಕಿತ್ತು ಇಲಿಗಳಲ್ಲಿ ಪರೀಕ್ಷಿಸಿದಾಗ ಅದರ ಉಪಟಳ ಬಹಳ ತಗ್ಗಿತೆಂದು 2010ರಲ್ಲಿ ತಿಳಿಯಿತು.

ಇನ್ನೊಂದು ಗುರುತು ಎಳೆಯ ನಡುನಡುವೆ, 'ಎ' ಅಕ್ಷರದ ಮೇಲೆ ಬೀಳುತ್ತದೆ. ಅದನ್ನು ಹಾಕುವುದು ವೈರಸ್ಸಲ್ಲ, ನಮ್ಮದೇ ಕಿಣ್ವಗಳು. 2016ರ ಪ್ರಯೋಗಗಳಲ್ಲಿ ಆ ಕಿಣ್ವಗಳನ್ನು ತಗ್ಗಿಸಿದಾಗ ಝೀಕಾ ವೈರಸ್ ಇನ್ನೂ ಹೆಚ್ಚಿತು. ಎಚ್‌ಐವಿಯಲ್ಲೋ, ಇದೇ ಗುರುತು ವೈರಸ್ಸಿನ ವೃದ್ಧಿಗೆ ನೆರವಾಗುವುದು ಕಂಡುಬಂತು. ಒಂದು ಕಡೆ ಕಡಿವಾಣ, ಇನ್ನೊಂದು ಕಡೆ ಚಾಟಿ.

ಕಷ್ಟ ಇರುವುದು ಇಲ್ಲೇ. ನಮ್ಮ ಕಿಣ್ವಕ್ಕೆ ಹೊಡೆದರೆ ಪೆಟ್ಟು ನಮಗೇ. ಆದ್ದರಿಂದ ವಿಜ್ಞಾನಿಗಳು ವೈರಸ್ಸಿನ ಸ್ವಂತ ಎನ್‌ಎಸ್5ಗೆ ಗುರಿಯಿಡುತ್ತಿದ್ದಾರೆ. ಆದರೆ ನಮ್ಮ ಕೋಶದಲ್ಲೂ ಅದನ್ನು ಹೋಲುವ ಕಿಣ್ವಗಳಿವೆ. ಅವನ್ನು ಮುಟ್ಟದೆ ಇದನ್ನಷ್ಟೇ ತಡೆಯುವ ಔಷಧ ಬೇಕು. ಡೆಂಗಿ ವೈರಸ್ಸನ್ನೇ ಮಣಿಸುವ ಮಾತ್ರೆ ಈವರೆಗೆ ಬಳಕೆಗೆ ಬಂದಿಲ್ಲ.

ಹಾಗಾದರೆ ರೋಗಿ ಉಳಿಯುವುದು ಹೇಗೆ? ಆರೈಕೆಯಿಂದ. ಸಕಾಲಕ್ಕೆ ಗುರುತಿಸಿ ಸರಿಯಾದ ಚಿಕಿತ್ಸೆ ಕೊಟ್ಟರೆ ತೀವ್ರ ಡೆಂಗಿಯಲ್ಲೂ ಸಾವು ಶೇ. 1ಕ್ಕಿಂತ ಕೆಳಗಿಳಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜ್ವರ ಬಿಟ್ಟಿತೆಂದು ನಾವು ನಿಟ್ಟುಸಿರು ಬಿಡುವ ಹೊತ್ತೇ ಅಪಾಯದ ಹೊತ್ತು. ತೀವ್ರ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ.

ಆದರೆ ಡ್ರಿಪ್ಸಿಗೆ, ದಿನದಿನದ ರಕ್ತಪರೀಕ್ಷೆಗೆ, ಹಾಸಿಗೆಗೆ ದುಡ್ಡು ಬೇಕು. ಹೋಟೆಲಿನಲ್ಲಿ ದುಡಿಯುವ, ದಿನಗೂಲಿ ನಂಬಿದ ನಮ್ಮವರು "ನಾಳೆ ನೋಡೋಣ" ಎನ್ನುವುದು ಉದಾಸೀನದಿಂದಲ್ಲ, ಬರಿಗೈಯಿಂದ. ಆ ಒಂದು ದಿನದ ತಡವನ್ನು ತಪ್ಪಿಸುವುದೇ ನಮ್ಮ ನಿಧಿಯ ಕೆಲಸ.

ಐಪ್ಪಸಿ ಮಳೆ ಹಿಡಿಯುವ ಮೊದಲು ಮನೆಯ ನೀರಿನ ತೊಟ್ಟಿ, ಡ್ರಮ್ಮು ಮುಚ್ಚಿಡಿ. ನಿಧಿಗೆ ಕೈಲಾದಷ್ಟು ಕೊಡಿ. ನೂರು ರೂಪಾಯಿಯಾದರೂ ಸರಿ. ಮಾತ್ರೆ ಬರುವ ದಿನ ಬಂದೀತು. ಅಲ್ಲಿಯವರೆಗೆ ನಮ್ಮವರಿಗೆ ನಾವೇ ಆಸರೆ.