ಕ್ಷೌರದ ರೇಜರು ಮತ್ತು ಅದರ ಮೆರುಗು



ಪ್ರತಿದಿನ ಮುಂಜಾನೆ ನಮ್ಮ ಕೊರಳ ಮೇಲೆ ಆಡಿಸುವ ರೇಜರನ್ನು ನಾವು ಕೊಳ್ಳುವುದು ಬಹುಮಟ್ಟಿಗೆ ಅದರ ಹೊಳಪನ್ನು ನೋಡಿ. ಆದರೆ ಹೊಳಪು ನಂಬತಕ್ಕ ಸಾಕ್ಷಿಯಲ್ಲ.

ಅಮೆರಿಕದ ಜಿಲೆಟ್ ಎಂಬಾತನು ತೆಳು ಅಲಗಿನ ರೇಜರಿಗೆ 1904ರಲ್ಲಿ ಪೇಟೆಂಟು ಪಡೆದನು. ಅಲಗಿನ ಆಯುಸ್ಸು ಕೆಲವೇ ದಿನ. ಅದನ್ನು ಹಿಡಿಯುವ ರೇಜರಾದರೋ ತಲೆಮಾರು ಬಾಳಬೇಕಾದುದು. ಆ ಕಾಲದ ರೇಜರುಗಳು ಹಿತ್ತಾಳೆಯವು; ಮೇಲೆ ಬೆಳ್ಳಿಯ ಅಥವಾ ನಿಕ್ಕಲಿನ ಲೇಪ. ಈಗ ಅನೇಕವನ್ನು ಸತುವಿನ ಮಿಶ್ರಲೋಹದಿಂದ ಎರಕ ಹೊಯ್ದು ಕ್ರೋಮಿಯಂ ಲೇಪಿಸುತ್ತಾರೆ.

ರಾಜಾಜಿನಗರ, ಕಾಮಾಕ್ಷಿಪಾಳ್ಯಗಳ ಲೇಪದ ಕಾರ್ಖಾನೆಗಳನ್ನು ಕಂಡವರು ಬಲ್ಲರು: ಕ್ರೋಮಿಯಂ ಪದರವು ಕೂದಲೆಳೆಯ ನೂರನೆಯ ಒಂದು ಪಾಲಿನಷ್ಟೂ ದಪ್ಪವಿಲ್ಲ. ಅದು ಗೀರನ್ನು ಮುಚ್ಚಲಾರದು, ಎತ್ತಿ ತೋರಿಸುತ್ತದೆ. ಆದುದರಿಂದ ಉಜ್ಜಿ ನಯಗೊಳಿಸುವ ಕೆಲಸವೆಲ್ಲ ತೊಟ್ಟಿಗಿಳಿಸುವ ಮುನ್ನವೇ ಮುಗಿದಿರಬೇಕು. ಲೇಪ ಬಿರಿದಲ್ಲಿ ನೀರು ಸೇರಿ ಸತು ಸವೆಯುತ್ತದೆ; ತಿರುಪು ಸಡಿಲಿ, ಅಲಗು ಓರೆಯಾಗಿ, ಕೆನ್ನೆ ಕೊಯ್ಯುತ್ತದೆ.

ಕೊಳ್ಳುವಾಗ ತಿರುಪಿನ ಸುತ್ತುಗಳನ್ನೂ ತಲೆಯ ಒಳಮೈಯನ್ನೂ ನೋಡಿರಿ; ಅಲಗು ಎರಡು ಕಡೆಗೂ ಸಮನಾಗಿ ಹೊರಚಾಚಿದೆಯೇ ಎಂದು ಪರೀಕ್ಷಿಸಿರಿ. ಕನ್ನಡಿಯ ಮುಂದೆ ನಮ್ಮನ್ನು ಕಾಯುವುದು ಕೆಲಸಗಾರನು ಕಣ್ಣಿಗೆ ಬೀಳದ ಆ ಎಡೆಗಳಲ್ಲಿ ತೋರಿದ ಶ್ರದ್ಧೆಯೇ.