ಓಲುವ ಗಾಡಿ, ತಿರುಚುವ ಕಂಬಿ



"ಗಾಡಿ ಬಾಳ ಓಲತೈತ್ರಿ. ದಪ್ಪನ್ನ ರಾಡ್ ಹಾಕಿದ್ರ ನಿಂದ್ರತೈತೇನ್ರಿ?" ಗರಗದ ಕಡೆಯಿಂದ ಧಾರವಾಡಕ್ಕೆ ಬರುವವರ ಬಾಯಲ್ಲಿ, ಹೆದ್ದಾರಿ ಮಗ್ಗುಲಿನ ಗ್ಯಾರೇಜುಗಳಲ್ಲಿ, ಈ ಪ್ರಶ್ನೆಯನ್ನು ನಾನು ಈಚೆಗೆ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಕೇಳುವವರು ಎತ್ತರದ ಗಾಡಿ ಇಟ್ಟವರು. ಒಬ್ಬರದು ಸ್ಕಾರ್ಪಿಯೊ, ಇನ್ನೊಬ್ಬರದು ಹಳೆಯ ಸಫಾರಿ, ಮತ್ತೊಬ್ಬರದು ಫಾರ್ಚುನರ್. ಗರಗದ ಮಡಿವಾಳೇಶ್ವರ ಜಾತ್ರೆಗೆ ಬೀಗರನ್ನು ಕರೆತರುವುದು, ಎಲ್ಲಮ್ಮನ ಗುಡ್ಡಕ್ಕೆ, ಉಳವಿಗೆ, ಗೋವಾಕ್ಕೆ ಮನೆಮಂದಿಯನ್ನೆಲ್ಲ ಒಯ್ಯುವುದು ಈ ಗಾಡಿಗಳ ಕೆಲಸ. ಹಳಿಯಾಳ ದಾಟಿ ದಾಂಡೇಲಿ ಕಾಡಿನ ತಿರುವುಗಳು ಶುರುವಾದೊಡನೆ ಹಿಂದಿನ ಸೀಟಿನ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ, ಹಿರಿಯರು ಕಿಟಕಿಯ ಮೇಲಿನ ಹಿಡಿಕೆಗೆ ಜೋತುಬೀಳುತ್ತಾರೆ. ಅದಕ್ಕೇ ಆ ಪ್ರಶ್ನೆ.

ರಾಡ್ ಅಂದರೆ ಸ್ಟೆಬಿಲೈಜರ್ ರಾಡ್. ಅಮೆರಿಕದವರು ಸ್ವೇ ಬಾರ್ ಅನ್ನುತ್ತಾರೆ, ಬ್ರಿಟನ್ನಿನವರು ಆಂಟಿ ರೋಲ್ ಬಾರ್. ಎಡಗಾಲಿ ಮತ್ತು ಬಲಗಾಲಿಯ ನಡುವೆ ಗಾಡಿಯ ಅಡಿಯಲ್ಲಿ ಅಡ್ಡ ಹಾಯ್ದ ಸ್ಪ್ರಿಂಗ್ ಉಕ್ಕಿನ ಕಂಬಿ ಅದು. ನಡುಭಾಗವನ್ನು ಎರಡು ರಬ್ಬರ್ ಬುಷ್‌ಗಳು ಚಾಸಿಗೆ ಹಿಡಿದಿರುತ್ತವೆ, ಬಾಗಿದ ಎರಡು ತುದಿಗಳು ಲಿಂಕ್ ಮೂಲಕ ಗಾಲಿಯ ಕಡೆಗೆ ಹೋಗುತ್ತವೆ. ಎರಡೂ ಗಾಲಿ ಒಟ್ಟಿಗೆ ಹಂಪ್ ಹತ್ತಿದರೆ ಕಂಬಿ ಬುಷ್‌ನೊಳಗೆ ಸುಮ್ಮನೆ ತಿರುಗುತ್ತದೆ, ಏನೂ ಅಡ್ಡಿ ಮಾಡುವುದಿಲ್ಲ. ಗಾಡಿ ಒಂದು ಮಗ್ಗುಲಿಗೆ ವಾಲಿದಾಗ ಮಾತ್ರ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ ಹೋಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಕಂಬಿ ತಿರುಚಿಕೊಳ್ಳುತ್ತದೆ. ಉಕ್ಕು ಆ ತಿರುಚನ್ನು ಒಪ್ಪದೆ ಹಿಂದಕ್ಕೆ ತಳ್ಳುತ್ತದೆ. ವಾಲುವುದು ಕಡಿಮೆಯಾಗುತ್ತದೆ.

ಇದರ ಚರಿತ್ರೆಯನ್ನು ಮೋಟಾರಿನಿಂದ ಶುರುಮಾಡಿದರೆ ಅರ್ಧ ಮಾತ್ರ ತಿಳಿಯುತ್ತದೆ. ನಮ್ಮ ಎರೆಹೊಲಗಳಲ್ಲಿ ಹತ್ತಿ ಹೇರಿಕೊಂಡು ಹೋಗುತ್ತಿದ್ದ ಚಕ್ಕಡಿಯನ್ನು ನೆನೆಯಿರಿ. ಅದಕ್ಕೆ ಸ್ಪ್ರಿಂಗ್ ಇರಲಿಲ್ಲ. ನೆಲ ಎಷ್ಟು ವಾಲಿತೋ ಅಷ್ಟೇ ಚಕ್ಕಡಿ ವಾಲುತ್ತಿತ್ತು, ಅದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ. ಕೂತವರ ಬೆನ್ನು ನುಗ್ಗಾಗುತ್ತಿತ್ತು, ಆದರೆ ಓಲಾಟ ಇರಲಿಲ್ಲ. ಗಾಲಿಗೂ ಮೈಗೂ ನಡುವೆ ಸ್ಪ್ರಿಂಗ್ ಬಂದ ಮೇಲೆಯೇ ಗಾಡಿ ತನ್ನಷ್ಟಕ್ಕೆ ವಾಲಲು ಕಲಿತದ್ದು. ಸುಖ ಬಂದ ದಾರಿಯಲ್ಲೇ ಓಲಾಟವೂ ಬಂತು. ಸ್ಪ್ರಿಂಗ್ ಮೆತ್ತಗಾದಷ್ಟೂ ಸವಾರಿ ಹಿತ, ತಿರುವಿನಲ್ಲಿ ಅಷ್ಟೇ ಅಂಜಿಕೆ. ನೂರು ವರ್ಷಗಳಿಂದ ಎಂಜಿನಿಯರುಗಳು ಜಗ್ಗಾಡುತ್ತಿರುವುದು ಈ ಒಂದು ಗಂಟಿನ ಜೊತೆಗೇ.

ಗಂಟು ಬಿಚ್ಚುವ ಮೊದಲ ಹಂಚಿಕೆಗೆ ಪೇಟೆಂಟ್ ಸಿಕ್ಕಿದ್ದು 1919ರ ಏಪ್ರಿಲ್ 22ರಂದು, ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡರಿಕ್ಟನ್ ಊರಿನ ಸ್ಟೀಫನ್ ಕೋಲ್‌ಮನ್‌ಗೆ. ಆದರೆ ಆ ಕಾಲದ ಕಾರುಗಳಿಗೆ ಮುಂದೆ ಹಿಂದೆ ಎರಡೂ ಕಡೆ ಬಿಗಿಯಾದ ಪಟ್ಟಿ ಸ್ಪ್ರಿಂಗ್, ಇಡೀ ಅಚ್ಚು. ಕಂಬಿಯ ಅಗತ್ಯ ಜನಕ್ಕೆ ಕಾಣಲಿಲ್ಲ. ಅದು ಕಂಡದ್ದು 1930ರ ದಶಕದಲ್ಲಿ. ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಜನರಲ್ ಮೋಟಾರ್ಸ್‌ಗೆ ಹೋದ ಮಾರಿಸ್ ಆಲಿ ಎಂಬ ಇಂಗ್ಲಿಷ್ ಎಂಜಿನಿಯರ್, ಮುಂದಿನ ಎರಡು ಗಾಲಿಗಳನ್ನು ಒಂದರಿಂದೊಂದು ಬಿಡಿಸಿ ಮೆತ್ತನೆಯ ಸ್ಪ್ರಿಂಗ್ ಮೇಲೆ ಕೂರಿಸಲು ದುಡಿದರು. 1934ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಜನರ ಕೈಗೆ ಬಂತು. ಸವಾರಿ ಹಿತವಾಯಿತು, ಮೈ ವಾಲತೊಡಗಿತು, ಅಡ್ಡ ಕಂಬಿಗೆ ಬೆಲೆ ಬಂತು. ತಿರುವಿನಲ್ಲಿ ಮೂತಿ ಹೊರಕ್ಕೆ ಎಳೆದರೆ ಅಂಡರ್‌ಸ್ಟೀರ್, ಹಿಂಭಾಗ ಜಾರಿದರೆ ಓವರ್‌ಸ್ಟೀರ್ ಎಂದು ನಾವು ಇವತ್ತು ಆಡುವ ಮಾತುಗಳಿಗೆ ತಳಪಾಯ ಹಾಕಿದವರಲ್ಲೂ ಆಲಿ ಒಬ್ಬರು. ನನಗೆ ಅವರ ಮೇಲೆ ವಿಶೇಷ ಗೌರವ. ಸುಖವನ್ನೂ ಹಿಡಿತವನ್ನೂ ಒಟ್ಟಿಗೆ ಕೊಡಬೇಕು ಎಂದು ಹಟ ಹಿಡಿದ ಮನುಷ್ಯ ಅವರು.

ನಮ್ಮ ದೇಶದ ಸಾಮಾನ್ಯ ಮನೆಗೆ ಈ ಕಂಬಿಯನ್ನು ತಂದ ಕಾರುಗಳಲ್ಲೊಂದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಅಷ್ಟು ಚಿಕ್ಕ ಕಾರಿನ ಮುಂಭಾಗದಲ್ಲೂ ತಿರುಚುವ ಕಂಬಿ ಇತ್ತು. ಹಳ್ಳಿಯ ಜೀಪುಗಳಿಗೆ ಅದರ ಗೊಡವೆ ಇರಲಿಲ್ಲ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದಾಗಿನಿಂದ ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್. ಆ ಬಿಗುವೇ ಓಲಾಟವನ್ನು ತಡೆಯುತ್ತಿತ್ತು. ಆಮೇಲೆ 1994ರಲ್ಲಿ ಟಾಟಾ ಸುಮೊ, 1998ರಲ್ಲಿ ಸಫಾರಿ, 2002ರಲ್ಲಿ ಸ್ಕಾರ್ಪಿಯೊ ಬಂದವು. ಜನ ಜೀಪಿನ ಎತ್ತರ ಬೇಕು, ಕಾರಿನ ಸುಖವೂ ಬೇಕು ಎಂದರು. ಆ ಎರಡೂ ಬೇಡಿಕೆಯ ಭಾರ ಬಿದ್ದದ್ದು ಅಡಿಯ ಕಂಬಿಯ ಮೇಲೆ. 2014ರಲ್ಲಿ ಹೊಸ ಚಾಸಿಯ ಸ್ಕಾರ್ಪಿಯೊ ಬಂದಾಗ ಓಲಾಟ ತಗ್ಗಿಸಿದ್ದೇವೆ ಎಂಬುದನ್ನೇ ಕಂಪನಿ ದೊಡ್ಡದಾಗಿ ಸಾರಿತು. ಹಳೆಯ ಗಾಡಿಯ ಕೊರತೆ ಏನಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ಎತ್ತರದ ಗಾಡಿಯ ವಿಷಯದಲ್ಲಿ ಹೊರದೇಶಗಳು ದುಬಾರಿ ಬೆಲೆ ತೆತ್ತು ಪಾಠ ಕಲಿತಿವೆ. ನಮಗೆ ಮಾರುತಿ ಜಿಪ್ಸಿ ಗೊತ್ತು, 1985ರಲ್ಲಿ ಬಂದದ್ದು. ಅದರ ಅಣ್ಣತಮ್ಮಂದಿರಲ್ಲೊಂದು ಅಮೆರಿಕದಲ್ಲಿ ಸುಜುಕಿ ಸಮುರಾಯ್ ಎಂದು ಮಾರಾಟವಾಗುತ್ತಿತ್ತು. 1988ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಅದನ್ನು ಪರೀಕ್ಷಿಸಿ, ಹಠಾತ್ತಾಗಿ ತಿರುಗಿಸಿದರೆ ಮಗುಚುವ ಅಪಾಯವಿದೆ ಎಂದು ಬರೆಯಿತು. ಸುಜುಕಿ ದಾವೆ ಹೂಡಿತು, 2004ರಲ್ಲಿ ರಾಜಿಯಾಯಿತು. 2000ದ ಆಗಸ್ಟಿನಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್‌ನಂಥ ಗಾಡಿಗಳಿಗೆ ಹಾಕಿದ ಫೈರ್‌ಸ್ಟೋನ್ ಟೈರುಗಳನ್ನು, ಒಂದಲ್ಲ ಎರಡಲ್ಲ, 65 ಲಕ್ಷದಷ್ಟು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಟೈರಿನ ಮೇಲ್ಪದರ ಕಿತ್ತುಬಂದರೆ ಎತ್ತರದ ಗಾಡಿ ಹತೋಟಿ ತಪ್ಪಿ ಉರುಳುತ್ತಿತ್ತು. ಅದರ ಮರುವರ್ಷ ಅಮೆರಿಕ ಸರಕಾರ ಮಗುಚುವ ಅಪಾಯಕ್ಕೂ ನಕ್ಷತ್ರ ಕೊಡಲು ಶುರುಮಾಡಿತು. ಅಲ್ಲಿ ಬಳಸಿದ ಲೆಕ್ಕ ಬಹಳ ಸರಳ. ಎಡ ಬಲ ಗಾಲಿಗಳ ನಡುವಿನ ಅಗಲದ ಅರ್ಧವನ್ನು, ಗಾಡಿಯ ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಬೇಕು. ಬಂದ ಅಂಕಿ ದೊಡ್ಡದಿದ್ದಷ್ಟೂ ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ. ಈ ಲೆಕ್ಕವನ್ನು ದಯಮಾಡಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಯುರೋಪಿನಲ್ಲಿ ಈ ಮಾತು ಎದ್ದದ್ದು ಒಂದು ಪುಟ್ಟ ಕಾರಿನಿಂದ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಕರ್ತರೊಬ್ಬರು, ಕಾಡಿನಿಂದ ರಸ್ತೆಗೆ ಜಿಗಿದ ಪ್ರಾಣಿಯನ್ನು ತಪ್ಪಿಸುವ ರೀತಿಯಲ್ಲಿ ಮರ್ಸಿಡಿಸ್ ಎ ಕ್ಲಾಸ್ ಕಾರನ್ನು ಎಡಕ್ಕೆ ಬಲಕ್ಕೆ ಎಳೆದಾಗ ಅದು ಮಗುಚಿತು. ಕಂಪನಿ ಕಾರಿನ ಅಡಿಯ ವ್ಯವಸ್ಥೆ ಬದಲಿಸಿತು, ಜಾರುವ ಗಾಡಿಯನ್ನು ಒಂದೊಂದೇ ಗಾಲಿಗೆ ಬ್ರೇಕ್ ಹಾಕಿ ಹಿಡಿಯುವ ಇಎಸ್‌ಪಿಯನ್ನು ಪ್ರತಿ ಕಾರಿಗೂ ಕೊಟ್ಟಿತು. ನಮ್ಮಲ್ಲಿ ಎಮ್ಮೆ, ನಾಯಿ, ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ. ಧಾರವಾಡ ಹುಬ್ಬಳ್ಳಿ ನಡುವಿನ ಬೈಪಾಸಿನಲ್ಲಿ ಎರಡೇ ಪಥವಿದ್ದ ಕಾಲದಲ್ಲಿ ಎದುರಿನ ಲಾರಿಗೆ ಅಂಜಿ ಸ್ಟೀರಿಂಗ್ ಎಳೆದವರಿಗೆ ಆ ಪರೀಕ್ಷೆಯ ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

ಈ ಕಂಬಿ ಬರೀ ಕಾರಿನ ಸೊತ್ತಲ್ಲ. ಬೇಲೂರು ಕೈಗಾರಿಕಾ ಪ್ರದೇಶದ ಕಡೆ ಬಸ್ಸುಗಳನ್ನು ಕಟ್ಟಿ ಹೊರಡಿಸುವುದನ್ನು ನಮ್ಮ ಭಾಗದವರು ದಿನವೂ ನೋಡುತ್ತಾರೆ. ಟಾಟಾ ಮೋಟಾರ್ಸ್ ಮತ್ತು ಬ್ರೆಜಿಲಿನ ಮಾರ್ಕೊಪೊಲೊ 2006ರಲ್ಲಿ ಕೈಗೂಡಿಸಿ ಧಾರವಾಡಕ್ಕೆ ತಂದ ಉದ್ಯೋಗ ಅದು. ಗಾಳಿಚೀಲದ ಮೇಲೆ ಕೂತ ಬಸ್ಸಿಗೆ, ಅದರಲ್ಲೂ ಜನ ನಿಂತು ಹೋಗುವ ಬಸ್ಸಿಗೆ, ಅಡ್ಡ ಕಂಬಿ ಇಲ್ಲದೆ ಗತಿಯಿಲ್ಲ. ಹುಬ್ಬಳ್ಳಿ ನಿಲ್ದಾಣಕ್ಕೆ ಬರುವ ಎಲ್‌ಎಚ್‌ಬಿ ರೈಲು ಡಬ್ಬಿಗಳ ಅಡಿಯ ಗಾಲಿಚೌಕಟ್ಟಿನಲ್ಲೂ ಇಂಥದೇ ಕಂಬಿ ಇದೆ.

ಈಗ ದಪ್ಪ ರಾಡಿನ ವಿಚಾರಕ್ಕೆ ಬರೋಣ. ಕಂಪನಿ ಕೊಟ್ಟದ್ದನ್ನು ತೆಗೆದು ದಪ್ಪನೆಯದನ್ನು ಹಾಕುವ ರೂಢಿ ರೇಸಿನ ಮೈದಾನದಿಂದ ಬಂತು. 1965ರ ಶೆಲ್ಬಿ ಜಿಟಿ350 ಕಾರಿಗೆ ಮುಂದೆ ಒಂದು ಇಂಚು ದಪ್ಪದ ಕಂಬಿ ಹಾಕಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಅಲ್ಲಿಂದ ಪಿಕಪ್‌ಗಳಿಗೆ, ಎಸ್‌ಯುವಿಗಳಿಗೆ ಹರಡಿತು. ಹೊರಗಿಂದ ನೋಡಿದರೆ ಎರಡು ಕಂಬಿಗಳ ವ್ಯತ್ಯಾಸ ಕಣ್ಣಿಗೆ ತಿಳಿಯುವಷ್ಟೂ ಇರುವುದಿಲ್ಲ. ಆದರೆ ಉಕ್ಕಿನ ಕಂಬಿಯ ತಿರುಚುವ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. 25 ಮಿಲಿಮೀಟರಿನ ಕಂಬಿ ತೆಗೆದು 28ರದ್ದು ಹಾಕಿದರೆ ದಪ್ಪ ಹೆಚ್ಚಿದ್ದು ಶೇಕಡಾ 12, ಬಿಗುವು ಹೆಚ್ಚಿದ್ದು ಶೇಕಡಾ 57. ಮೂರೇ ಮಿಲಿಮೀಟರಿನಲ್ಲಿ ಗಾಡಿಯ ಸ್ವಭಾವ ಬದಲಾಗುತ್ತದೆ. ಇದೇ ಲೆಕ್ಕದಿಂದ ಟೊಳ್ಳು ಕಂಬಿಯೂ ಹುಟ್ಟಿತು. ಹೊರವ್ಯಾಸ 32, ಒಳವ್ಯಾಸ 24 ಮಿಲಿಮೀಟರ್ ಇರುವ ಕೊಳವೆಗೆ ಅದೇ ದಪ್ಪದ ಗಟ್ಟಿ ಕಂಬಿಯ ಅರ್ಧಕ್ಕಿಂತ ಕಡಿಮೆ ತೂಕ, ಮೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು ಬಿಗುವು.

ಯಾವ ಕಡೆ ಹಾಕುತ್ತೀರಿ ಎಂಬುದು ದಪ್ಪಕ್ಕಿಂತ ದೊಡ್ಡ ಪ್ರಶ್ನೆ. ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ಎಷ್ಟು ಭಾರ ಸರಿಯುತ್ತದೆ ಎಂಬ ಒಟ್ಟು ಮೊತ್ತವನ್ನು ಕಂಬಿ ಹೆಚ್ಚುಕಡಿಮೆ ಬದಲಿಸುವುದಿಲ್ಲ. ಆ ಭಾರ ಮುಂದಿನ ಗಾಲಿಗಳಲ್ಲಿ ಎಷ್ಟು, ಹಿಂದಿನವುಗಳಲ್ಲಿ ಎಷ್ಟು ಎಂಬ ಹಂಚಿಕೆಯನ್ನು ಬದಲಿಸುತ್ತದೆ. ಮುಂದೆ ಬಿಗಿ ಮಾಡಿದರೆ ಮೂತಿ ಹೊರಕ್ಕೆ ಎಳೆಯುತ್ತದೆ. ವೇಗ ತಗ್ಗಿಸಿದರೆ ಗಾಡಿ ಮಾತು ಕೇಳುತ್ತದೆ. ಹಿಂದೆ ಬಿಗಿ ಮಾಡಿದರೆ ತಿರುವಿನಲ್ಲಿ ಗಾಡಿ ಚುರುಕಾಗಿ ತಿರುಗುತ್ತದೆ, ಒಣ ರಸ್ತೆಯಲ್ಲಿ ಖುಷಿಯೆನಿಸುತ್ತದೆ. ಆದರೆ ಆಷಾಢದ ಮಳೆಯಲ್ಲಿ ಟ್ರ್ಯಾಕ್ಟರ್ ಗಾಲಿಗಳು ಎರೆಮಣ್ಣನ್ನು ಡಾಂಬರಿಗೆ ತಂದು ಬಳಿದಿರುತ್ತವಲ್ಲ, ಆ ದಾರಿಯಲ್ಲಿ ಅದೇ ಹಿಂಭಾಗ ಜಾರಿ ಗಾಡಿ ಬುಗುರಿಯಾಗಬಹುದು. ಹಿಂದಿನ ರಾಡ್ ಮಾತ್ರ ದಪ್ಪ ಮಾಡುವುದನ್ನು, ಅದರಲ್ಲೂ ಇಎಸ್‌ಪಿ ಇಲ್ಲದ ಹಳೆಯ ಗಾಡಿಗೆ, ನಾನು ಒಪ್ಪುವುದಿಲ್ಲ.

ಹೊಲಕ್ಕೆ ಗಾಡಿ ಇಳಿಸುವವರಿಗೆ ಇನ್ನೊಂದು ತೊಡಕು. ಬಿಗಿ ಕಂಬಿ ಒಂದು ಗಾಲಿ ತಗ್ಗಿಗೆ ಇಳಿಯುವಾಗ ಅದನ್ನು ಪೂರ್ತಿ ಇಳಿಯಲು ಬಿಡುವುದಿಲ್ಲ. ಗಾಲಿ ಗಾಳಿಯಲ್ಲಿ ತಿರುಗುತ್ತದೆ, ಗಾಡಿ ಹುಗಿದು ನಿಲ್ಲುತ್ತದೆ. ಇದಕ್ಕೆ ಆಸ್ಟ್ರೇಲಿಯಾದ ಕೈನೆಟಿಕ್ ಎಂಬ ಸಣ್ಣ ಸಂಸ್ಥೆಯಲ್ಲಿ ಹುಟ್ಟಿದ ಎಣ್ಣೆಕೊಳವೆಯ ವ್ಯವಸ್ಥೆಯನ್ನು ಟೊಯೊಟಾ ತನ್ನ ಲ್ಯಾಂಡ್ ಕ್ರೂಸರ್‌ಗೆ ತಂದಿತು. ಡಾಂಬರಿನ ಮೇಲೆ ಕಂಬಿ ಬಿಗಿ, ತಗ್ಗುದಿನ್ನೆಯಲ್ಲಿ ಸಡಿಲ. 2007ರ ಮಾದರಿಯ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಗುಂಡಿ ಒತ್ತಿದರೆ ಮುಂದಿನ ಕಂಬಿಯೇ ಬಿಡಿಸಿಕೊಳ್ಳುತ್ತದೆ. ನಮ್ಮ ಸಾಮಾನ್ಯ ಗಾಡಿಗಳಿಗೆ ಆ ಭಾಗ್ಯವಿಲ್ಲ.

ಹಾಗಾಗಿ ಹೊಸ ರಾಡಿಗೆ ದುಡ್ಡು ಕೊಡುವ ಮೊದಲು ಗಾಡಿಯನ್ನು ಎತ್ತಿಸಿ ಹಳೆಯದನ್ನು ನೋಡಿರಿ. ಲಿಂಕಿನ ಚೆಂಡು ಸಡಿಲಾಗಿದ್ದರೆ, ಬುಷ್ ಸವೆದು ಕಂಬಿಯ ಸುತ್ತ ಸಂದು ಬಿದ್ದಿದ್ದರೆ, ಗಾಡಿ ಸಾಕಷ್ಟು ವಾಲಿದ ಮೇಲೆಯೇ ಕಂಬಿ ಕೆಲಸ ಶುರುಮಾಡುತ್ತದೆ. ಹಂಪ್ ಮೇಲೆ ಅಡಿಯಿಂದ ಕೇಳುವ ಕಟ್ ಕಟ್ ಸದ್ದು ಎಷ್ಟೋ ಸಲ ಅದೇ. ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ಸೋರುತ್ತಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಯಾವ ರಾಡೂ ಅದನ್ನು ಮುಚ್ಚಲಾರದು. ಇವೆಲ್ಲ ಸರಿಯಾದ ಮೇಲೂ ಓಲಾಟ ಹೆಚ್ಚೆನಿಸಿದರೆ, ಮುಂದೆ ಹಿಂದೆ ಜೋಡಿಯಾಗಿ, ನಿಮ್ಮ ಮಾದರಿಗೇ ಮಾಡಿದ್ದನ್ನು ಹಾಕಿಸಿರಿ. ಬುಷ್‌ನ ಬೋಲ್ಟುಗಳನ್ನು ಗಾಲಿ ನೆಲ ಮುಟ್ಟಿದ ಮೇಲೆಯೇ ಪೂರ್ತಿ ಬಿಗಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಮಿತಿ ಹಾಕಿದೆ, ವಾರಂಟಿ ಮತ್ತು ವಿಮೆಯವರನ್ನೂ ಮೊದಲೇ ಕೇಳುವುದು ಒಳ್ಳೆಯದು.

ಇನ್ನು ನೆನಪಿಡಲು ಹೇಳಿದ್ದ ಆ ಲೆಕ್ಕ. ಜನ ತುಂಬಿದ ಒಂದು ದೊಡ್ಡ ಗಾಡಿಯ ತೂಕ 2300 ಕಿಲೊ, ಗಾಲಿ ಅಗಲದ ಅರ್ಧ 77 ಸೆಂಟಿಮೀಟರ್, ಭಾರಕೇಂದ್ರದ ಎತ್ತರ 70 ಎಂದು ಇಟ್ಟುಕೊಳ್ಳೋಣ. ಅಂಕಿ 1.10. ಕಂಬಿ ಎಷ್ಟೇ ದಪ್ಪವಾದರೂ ಈ ಎರಡೂ ಅಳತೆ ಹಾಗೇ ಉಳಿಯುತ್ತವೆ. ಮೈ ಹೊರಕ್ಕೆ ವಾಲುವುದು ತುಸು ತಗ್ಗಿ ಸ್ವಲ್ಪ ಲಾಭವಾಗುತ್ತದೆ, ಅಷ್ಟೇ. ಈಗ ಗಾಡಿಯೊಳಗಿನ 100 ಕಿಲೊ ಸಾಮಾನನ್ನು, ಜೋಳದ ಚೀಲವೋ ಅಡುಗೆ ಪಾತ್ರೆಯೋ, ಗಾಡಿಯ ತಳದಿಂದ ಎತ್ತಿ 1.2 ಮೀಟರ್ ಮೇಲಿನ ಕ್ಯಾರಿಯರಿಗೆ ಕಟ್ಟಿರಿ. ಭಾರಕೇಂದ್ರ 5.2 ಸೆಂಟಿಮೀಟರ್ ಮೇಲೇರುತ್ತದೆ, 1.10 ಇದ್ದ ಅಂಕಿ 1.02ಕ್ಕೆ ಇಳಿಯುತ್ತದೆ. ಎತ್ತರದ ಗಾಡಿ ಬಹುಪಾಲು ಮಗುಚುವುದು ಡಾಂಬರಿನ ನಡುವೆಯಲ್ಲ, ಅಂಚಿಗೆ ಸರಿದು ಗಾಲಿ ಏನಕ್ಕಾದರೂ ಎಡವಿದಾಗ. ನಮ್ಮ ರಸ್ತೆಯಂಚು ಮಳೆಗಾಲದಲ್ಲಿ ಮೆತ್ತಗಾದ ಎರೆಮಣ್ಣು. ಹೊರಗಾಲಿ ಅದರಲ್ಲಿ ಹೂತುಕೊಂಡರೆ ತಿರುಚುವ ಕಂಬಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಉಳವಿಗೆ ಹೊರಟಾಗ ಕ್ಯಾರಿಯರಿನ ಗಂಟುಗಳನ್ನು ಇಳಿಸಿ ಸೀಟಿನ ಬುಡಕ್ಕೆ ಹಾಕಿರಿ, ಹಿಡಿಯದೆ ಹೋದರೆ ಇನ್ನೊಂದು ಗಾಡಿ ಮಾಡಿರಿ. ರಾಡಿನ ದುಡ್ಡಿಗಿಂತ ಆ ಬಾಡಿಗೆ ಕಡಿಮೆ.