ಸೆಡ್ಡಿನ ಸದ್ದು

ಗರಡಿ ಮನೆಯ ಅಖಾಡಕ್ಕೆ ಇಳಿದ ಪೈಲ್ವಾನ ಮೊದಲು ಮಣ್ಣು ಮುಟ್ಟಿ ನಮಸ್ಕರಿಸುತ್ತಾನೆ. ಆಮೇಲೆ ಅಂಗೈಯಿಂದ ತೋಳನ್ನೋ ತೊಡೆಯನ್ನೋ ಫಟ್ಟನೆ ತಟ್ಟುತ್ತಾನೆ. ಆ ಸದ್ದೇ ಸೆಡ್ಡು. 'ನಾನು ಸಿದ್ಧ, ಬಾ' ಎಂಬ ಕರೆ ಅದು.

ಗರಡಿಯ ಈ ಮಾತು ಬಹಳ ಹಿಂದೆಯೇ ಬೀದಿಗೆ ಬಂತು. ಸರ್ಕಾರಕ್ಕೆ ಸೆಡ್ಡು, ಹೈಕಮಾಂಡಿಗೆ ಸೆಡ್ಡು ಎಂದು ಪತ್ರಿಕೆಗಳು ಬರೆಯುತ್ತವೆ. ಇದಕ್ಕೆ ಹತ್ತಿರದ ಪದ ಧಿಕ್ಕರಿಸು. ಅದರೊಳಗಿನ 'ಧಿಕ್' ಸಂಸ್ಕೃತದಲ್ಲಿ ತಿರಸ್ಕಾರದ ಉದ್ಗಾರ. ಸೆಡ್ಡಿನಲ್ಲಿ ಆ ತಿರಸ್ಕಾರವಿಲ್ಲ. ಎದುರಾಳಿಯ ಬಲ ಗೊತ್ತಿದ್ದೇ ಹೊಡೆಯುವುದು ಸೆಡ್ಡು. ಅದಕ್ಕೇ ಇರಬೇಕು, ದೊಡ್ಡವರು ಚಿಕ್ಕವರಿಗೆ ಸೆಡ್ಡು ಹೊಡೆದರು ಎಂದರೆ ಕಿವಿಗೆ ಒಗ್ಗುವುದೇ ಇಲ್ಲ.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಹೊಡೆದದ್ದು ಅಂಥ ಸೆಡ್ಡು.

ಕ್ವಿಟ್ ಇಂಡಿಯಾ ಚಳವಳಿಯ ದಿನಗಳು. ಆ ಪುಟ್ಟ ಹಳ್ಳಿ ತಾನು ಸ್ವತಂತ್ರ ಎಂದು ಸಾರಿತು. ಕಂದಾಯ ಕೊಡುವುದಿಲ್ಲ ಎಂದಿತು. ಇಬ್ಬರು ಬಾಲಕರನ್ನೇ ಆರಿಸಿ, ಒಬ್ಬನನ್ನು ಅಮಲ್ದಾರ, ಇನ್ನೊಬ್ಬನನ್ನು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಮಾಡಿತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಮಾತು ಅಲ್ಲಿಂದ ನಾಡಿಗೆಲ್ಲ ಹಬ್ಬಿತು.

ಅಧಿಕಾರಿಗಳು ಪೊಲೀಸರೊಂದಿಗೆ ಊರಿಗೆ ಬಂದರು. ಘರ್ಷಣೆಯಾಯಿತು. ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಪ್ರಾಣ ಕಳೆದುಕೊಂಡರು. ಆ ನೋವನ್ನೂ ಮರೆಯಲಾಗದು. ಬಳಿಕ ಪಡೆಗಳು ಊರಿಗೆ ನುಗ್ಗಿದವು, ಜನ ಕಾಡು ಸೇರಿದರು.

1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ.